ಯಾವ ಕಂಪ್ಯೂಟರಿಗೆ ಯಾವುದು

ಅಥವಾ ಅಷ್ಟೊಂದು ಮಳೆ ಬಂದೇ ಇರಲಿಲ್ಲವೇನೋ. ಆ ವರ್ಷವನ್ನು ನೆನೆದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಲೈಬ್ರರಿಯ ತಗಡಿನ ಮೇಲೆ ಬೀಳುವ ಮಳೆಯ ಸದ್ದು. ಆದರೆ ಆ ಲೈಬ್ರರಿಗೆ ತಗಡಿನ ಸೂರು ಇರಲಿಲ್ಲ, ತಾರಸಿ ಇತ್ತು. ತಗಡು ಇದ್ದದ್ದು ಪಕ್ಕದ ಹಾಲಿನ ಡೈರಿಗೆ. ಮಳೆ ನಿಜ, ಸದ್ದು ಮಾತ್ರ ಪಕ್ಕದಿಂದ ಬಂದದ್ದು ಎಂದು ಇಷ್ಟು ದಿನ ಸರಿಮಾಡಿಕೊಂಡಿದ್ದೆ. ಈಗ ಅದರ ಮೇಲೂ ಅನುಮಾನ. ನೆನಪು ಹರಿದ ಕಡೆಯಲ್ಲೆಲ್ಲ ತಾನೇ ತೇಪೆ ಹಾಕಿಕೊಂಡು ಬರುತ್ತದೆ. ತೇಪೆ ಅಚ್ಚುಕಟ್ಟಾಗಿದ್ದಷ್ಟೂ ನಾನು ಅದನ್ನು ನಂಬುವುದು ಕಡಿಮೆ.

ಇದನ್ನೆಲ್ಲ ಈಗ ಕೆದಕಿದ್ದು ಒಂದು ಪಟ್ಟಿ. ನಾನೀಗ ಇರುವುದು ಗೌರಿಬಿದನೂರು ತಾಲ್ಲೂಕಿನಲ್ಲಿ, ವಿದುರಾಶ್ವತ್ಥದಿಂದ ಸ್ವಲ್ಪ ದೂರದ ಒಂದು ಪಂಚಾಯಿತಿ ಲೈಬ್ರರಿಯಲ್ಲಿ. ಹೋದ ತಿಂಗಳು ಹೈಸ್ಕೂಲಿನ ಮೇಷ್ಟ್ರೊಬ್ಬರು ಬಂದರು.

"ಮೇಡಂ, ನಮ್ ಲ್ಯಾಬಲ್ಲಿ ಮೂರು ಥರದ ಕಂಪ್ಯೂಟರ್ ಅವೆ. ಮಕ್ಳಿಗೆ ವಿಮಾನ ಹಾರ್ಸೋದು ಒಂದು ಹಾಕ್ಬೇಕು, ಪೇಪರ್ ಓದಿ ಹೇಳೋದು ಒಂದು ಹಾಕ್ಬೇಕು. ಯಾವ್ದಕ್ಕೆ ಯಾವ್ದು ಅಂತ ಬರ್ಕೊಟ್ಬಿಡಿ. ನಿಮ್ಗೆ ಅನುಭವ ಐತಂತಲ್ಲ."

ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಕಂಪ್ಯೂಟರ್, ಬಲಕ್ಕೆ ಸಾಫ್ಟ್‌ವೇರ್. ಎರಡು ಸಾಲು ಬರೆದ ಮೇಲೆ ಕೈ ನಿಂತಿತು. "ನಾಳೆ ಕೊಡ್ತೀನಿ ಸಾರ್" ಎಂದೆ. ಇನ್ನೂ ಕೊಟ್ಟಿಲ್ಲ. ಅವರು ಕೇಳುವುದನ್ನೂ ಬಿಟ್ಟಿದ್ದಾರೆ.

ಆಗ ನಾನು ಚಿಂತಾಮಣಿ ತಾಲ್ಲೂಕಿನಲ್ಲಿದ್ದೆ, ಕೆಂಚಾರ್ಲಹಳ್ಳಿ ಕಡೆಯ ಒಂದು ಊರಿನಲ್ಲಿ. ಲೈಬ್ರರಿ ಒಂದೇ ಕೋಣೆ. ಅದರಲ್ಲಿ ನಾಲ್ಕು ಕಂಪ್ಯೂಟರು, ಒಂದಕ್ಕೊಂದು ಸಂಬಂಧವಿಲ್ಲದವು. ಪಂಚಾಯಿತಿ ಕೊಟ್ಟದ್ದು ಹೊಸ ವಿಂಡೋಸ್ ಕಂಪ್ಯೂಟರ್. ಮುಚ್ಚಿಹೋದ ಯಾವುದೋ ಶಾಲೆಯಿಂದ ಬಂದ ಎರಡು ಹಳೆಯವು ಲಿನಕ್ಸ್‌ನಲ್ಲಿ ಓಡುತ್ತಿದ್ದವು. ನಾಲ್ಕನೆಯದು ಬೆಂಗಳೂರಿನವರು ಯಾರೋ ದಾನ ಕೊಟ್ಟ ಹಳೆಯ ಮ್ಯಾಕ್. ಅದು ನೋಡಲು ತುಂಬಾ ಚೆಂದ. ಯಾವ ಹೊಸ ಸಾಫ್ಟ್‌ವೇರನ್ನೂ ಅದು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಾಬಾಜಾನ್ ಸಾಬ್ರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ರೇಷ್ಮೆ ನೂಲು ತೆಗೆದ ಮನುಷ್ಯ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸ್ಥಿತಿ ಹೇಳುತ್ತಿದ್ದರಂತೆ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದ ಮೇಲೆ ನಮ್ಮೂರಿನ ಮಗಳ ಮನೆಗೆ ಬಂದಿದ್ದರು. ಅವರಿಗೆ ಬೇಕಾಗಿದ್ದದ್ದು ಪೇಪರು. ಪೂರ್ತಿ ಪೇಪರು.

"ಯಾರಾದ್ರೂ ಓದಿ ಹೇಳಿದ್ರೆ ಅವರಿಗೆ ಬೇಕಾದ್ದು ಓದ್ತಾರಮ್ಮ, ನಂಗೆ ಬೇಕಾದ್ದಲ್ಲ" ಎನ್ನುತ್ತಿದ್ದರು. "ನನ್ನ ಅಳಿಯ ಓದಿದ್ರೆ ದೇಶದಲ್ಲಿ ಯಾರೂ ಸಾಯೋದೇ ಇಲ್ಲ. ಅವನು ಸತ್ತೋರ ಪುಟ ಬಿಟ್ಬಿಡ್ತಾನೆ."

ಪೇಪರಿನ ಸುದ್ದಿಗಳನ್ನು ಒಂದೊಂದಾಗಿ ತಂದು ಗಟ್ಟಿಯಾಗಿ ಓದುವ ಸಾಫ್ಟ್‌ವೇರನ್ನು ಮೊದಲು ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಕಿದೆ. ಅದರ ಕನ್ನಡ ದನಿ ಕೇಳಿ ಸಾಬ್ರು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು.

"ಅರೆ, ಇವನ್ಯಾರಮ್ಮ? ನೆಗಡಿ ಬಂದೋನ್ನ ಹಿಡ್ಕೊಂಡ್ ಬಂದು ಓದ್ಸ್ತಾ ಇದೀಯ?"

ಮ್ಯಾಕ್‌ನಲ್ಲಿ ಕನ್ನಡದ ದನಿಯೇ ಇರಲಿಲ್ಲ. ವಿಂಡೋಸ್‌ನಲ್ಲಿ ಮಾತ್ರ ಒಬ್ಬ ಹೆಂಗಸಿನ ದನಿ ಸರಾಗವಾಗಿ ಬಂತು. ಸಾಬ್ರು ತಲೆ ಓರೆ ಮಾಡಿ, ಹಳೆಯ ದಿನಗಳಲ್ಲಿ ಗೂಡನ್ನು ಕೇಳುತ್ತಿದ್ದ ಹಾಗೆ ಇರಬೇಕು, ಕೇಳಿದರು. ಬಾಣದ ಗುರುತಿನ ಕೀಲಿ ಯಾವುದೆಂದು ನಾನು ಅವರ ಬೆರಳು ಹಿಡಿದು ತೋರಿಸಿದೆ. ಒಂದು ಸಲ ಒತ್ತಿದರೆ ಮುಂದಿನ ಸುದ್ದಿ. ಆಮೇಲೆ ಅವರು ನನ್ನನ್ನು ಕರೆಯಲಿಲ್ಲ. ಬೇಡವಾದ ಸುದ್ದಿಯನ್ನು ತಾವೇ ದಾಟಿಸುತ್ತಿದ್ದರು, ಬೇಕಾದ್ದನ್ನು ಎರಡು ಸಲ ಕೇಳುತ್ತಿದ್ದರು. ಅವರ ಮುಖದಲ್ಲಿ ಆಗ ಇದ್ದದ್ದೇನು ಎಂದು ಬರೆಯಲು ಹೊರಟರೆ ನಾನು ಸುಳ್ಳು ಬರೆಯುತ್ತೇನೆ. ಮಧ್ಯಾಹ್ನ ಒಂದು ಗಂಟೆಯವರೆಗೆ ಕದಲುತ್ತಿರಲಿಲ್ಲ ಎಂಬುದಷ್ಟೇ ಖಚಿತ.

ಮುಂಗಾರು ಹಿಡಿದ ಮೇಲೆ ಅಮರಾವತಿ ಬಂದಳು. ಹಿಡಿದಿತ್ತೋ, ಬರೀ ಮೋಡ ಇತ್ತೋ, ಅದು ಬೇಡ. ಮೂವತ್ತರ ಆಸುಪಾಸಿನ ಹೆಂಗಸು, ಮಹಿಳಾ ಸಂಘದ ಸದಸ್ಯೆ. ಅವಳ ಗಂಡ ಟೊಮ್ಯಾಟೊ ತೋಟಗಳಿಗೆ ಔಷಧಿ ಹೊಡೆಯುವ ಕೆಲಸದವನು. ಎದೆ ಕೆಟ್ಟು ಅವನು ಹಾಸಿಗೆ ಹಿಡಿದ ಮೇಲೆ ಬೆನ್ನಿಗೆ ಕಟ್ಟುವ ಪಂಪನ್ನು ಇವಳು ಎತ್ತಿಕೊಂಡಿದ್ದಳು. ಹೆಂಗಸರು ಮಾಡುವ ಕೆಲಸವಲ್ಲ ಎಂದು ಊರು ನಕ್ಕಿತ್ತು, ಆಮೇಲೆ ರೂಢಿಯಾಗಿ ಕರೆಯತೊಡಗಿತ್ತು. ಅವಳ ಅಂಗೈ ಸಿಪ್ಪೆ ಎದ್ದು ಬಿಳಿಚಿಕೊಂಡಿತ್ತು. ಮಾತಿನ ನಡುವೆ ಒಣಕೆಮ್ಮು. ಚಿಂತಾಮಣಿಯ ಡಾಕ್ಟರು ಇನ್ನು ಔಷಧಿಯೊಳಗೆ ನಡೆಯಬಾರದು, ನಡೆದರೆ ಗಂಡನ ಪಕ್ಕ ಇನ್ನೊಂದು ಹಾಸಿಗೆ ಹಾಸಬೇಕಾಗುತ್ತದೆ ಎಂದಿದ್ದರು.

ಆ ವರ್ಷ ಸಂಘದ ಹೆಂಗಸರಿಗೆ ಔಷಧಿ ಹೊಡೆಯುವ ಡ್ರೋನ್ ಓಡಿಸುವ ತರಬೇತಿ ಬಂದಿತ್ತು. ಹೋಬಳಿಗೆ ಒಬ್ಬರು. ಚಿಕ್ಕಬಳ್ಳಾಪುರದಲ್ಲಿ ಮೊದಲು ಕೈಪರೀಕ್ಷೆ, ಚಿಕ್ಕ ಡ್ರೋನನ್ನು ಹಾರಿಸಿ ನಿಲ್ಲಿಸಿ ಇಳಿಸಬೇಕು. ಗೆದ್ದವರಿಗೆ ತರಬೇತಿ, ಡ್ರೋನು, ಕೆಲಸ. ಸೋತರೆ ಪಟ್ಟಿಯ ಮುಂದಿನ ಹೆಸರು. ನಮ್ಮ ಹೋಬಳಿಯ ಪಟ್ಟಿಯಲ್ಲಿ ಮೊದಲ ಹೆಸರು ಅಮರಾವತಿಯದು.

"ಬದುವಿನ ಮೇಲೆ ನಿಂತ್ಕೊಂಡು ಹೊಡೀಬೇಕು ಅಕ್ಕ" ಎಂದಳು. "ಒಳಗೆ ನಡೀಬಾರ್ದು. ಅಷ್ಟೇ ನಂಗೆ ಬೇಕಾಗಿರೋದು. ಕಂಪ್ಯೂಟರ್‌ನಲ್ಲಿ ಅಭ್ಯಾಸ ಮಾಡ್ಕೊಂಡ್ ಬನ್ನಿ ಅಂತ ಈ ಚೀಟಿ ಕೊಟ್ಟವ್ರೆ."

ಚೀಟಿಯಲ್ಲಿ ಒಂದು ಸಾಫ್ಟ್‌ವೇರಿನ ಹೆಸರಿತ್ತು. ಅದು ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದು. ಕೆಳಗೆ ಇನ್ನೂ ಎರಡು ಸಾಲು ಇದ್ದವು ಎಂದು ನೆನಪು. ಏನೆಂದು ನೆನಪಿಲ್ಲ. ನಾನು ಓದಿದೆನೇ ಎಂಬುದೂ ನೆನಪಿಲ್ಲ.

ವಿಂಡೋಸ್ ಕಂಪ್ಯೂಟರಿನಲ್ಲಿ ಅದನ್ನು ಹಾಕಿದೆ. ಡ್ರೋನ್ ಹಾರಿತು, ಆದರೆ ಮಾರನೆಯ ದಿನ ಸಾಬ್ರ ಓದುವ ಹೆಂಗಸು ತೊದಲತೊಡಗಿದಳು. ಒಂದು ಸಾಲು ಓದಿ ನಿಲ್ಲುವುದು, ಮತ್ತೆ ಅದೇ ಸಾಲು, ಆಮೇಲೆ ಮೌನ. ಎರಡು ದಿನ ಏನೇನೋ ಮಾಡಿದೆ. ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿದರೂ ಆ ಕಂಪ್ಯೂಟರಿನಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಜಾಗ ಎಂದು ಗೊತ್ತಾಯಿತು. ಸಾಬ್ರು ಆ ಎರಡು ದಿನವೂ ಬಂದು, ಕೇಳಿಸದ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು, ಒಂದು ಗಂಟೆಯವರೆಗೆ ಸುಮ್ಮನೆ ಕೂತು ಹೋದರು. ಒಂದು ಮಾತೂ ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು.

ಮೂರನೆಯ ದಿನ ಡ್ರೋನನ್ನು ತೆಗೆದುಹಾಕಿದೆ.

"ನಿಂಗೆ ಬೇರೆ ಕಂಪ್ಯೂಟರ್‌ನಲ್ಲಿ ಬೇರೆ ಹಾಕ್ಕೊಡ್ತೀನಿ ಕಣೇ" ಎಂದೆ ಅಮರಾವತಿಗೆ.

"ಆಗ್ಲಿ ಬಿಡಕ್ಕ, ಯಾವ್ದಾದ್ರೇನು, ಹಾರಿದ್ರೆ ಸರಿ" ಎಂದಳು. ಅಷ್ಟು ಸುಲಭವಾಗಿ ಒಪ್ಪಿದಳು. ಜಗಳ ಆಡದವರ ಪಾಲನ್ನೇ ಕಡಿಮೆ ಮಾಡುವುದು ನನ್ನ ಕೈಗೆ ಅಂಟಿಕೊಂಡು ಬಂದದ್ದು. ಮನೆಯಲ್ಲೂ ಹಾಗೇ ಬಡಿಸುತ್ತೇನೆ.

ಲಿನಕ್ಸ್‌ಗೆ ಉಚಿತವಾಗಿ ಸಿಕ್ಕ ಒಂದು ಹಾಕಿದೆ. ತೆರೆದರೆ ದೊಡ್ಡ ವಿಮಾನ, ಮುಂದೆ ಉದ್ದನೆಯ ರನ್‌ವೇ, ಎದುರಿಗೆ ಇಪ್ಪತ್ತು ಗಡಿಯಾರ.

"ಅಯ್ಯೋ ದೇವುಡಾ" ಎಂದು ಅಮರಾವತಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಕ್ಕ, ಇದ್ರಲ್ಲಿ ಔಷಧಿ ಟ್ಯಾಂಕ್ ಎಲ್ಲಿ? ಇದ್ನ ಯಾರ್ ತೋಟದಲ್ಲಿ ಇಳ್ಸೋದು?"

"ಇಳಿಸ್ಬೇಡ ತಾಯಿ" ಎಂದರು ಹಿಪ್ಪುನೇರಳೆ ಬೆಳೆಯುವ ನಾರಾಯಣಪ್ಪ, ಪೇಪರಿನ ಹಿಂದಿನಿಂದ. "ಅದೇನ್ ಹೊಡ್ದ್ರೂ ಟಮೋಟಗೆ ಹೊಡಿ. ನಮ್ ಸೊಪ್ಪಿನ್ ಮೇಲೆ ಒಂದ್ ಹನಿ ಬಿದ್ರೆ ಹುಳ ಎಲ್ಲಾ ಮಲಕ್ಕೊಂಡ್ ಬಿಡ್ತವೆ."

"ಅದಕ್ಕೇ ಕಲೀತಿರೋದು ಕಣಣ್ಣ. ಕಲೀದೇ ಇರೋರು ಬಂದು ಹೊಡುದ್ರೆ ನಿಮ್ ಗತಿ ಏನು?"

ವಿಮಾನ ಬೇರೆ, ಡ್ರೋನ್ ಬೇರೆ. ವಿಮಾನಕ್ಕೆ ಗಾಳಿಯಲ್ಲಿ ನಿಲ್ಲಲು ಬರುವುದಿಲ್ಲ. ಮತ್ತೆ ಹುಡುಕಿದೆ. ಮ್ಯಾಕ್‌ಗೆ ಒಂದು ಸಿಕ್ಕಿತು, ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಲಿನಕ್ಸ್‌ಗೆ ಇನ್ನೊಂದು ಸಿಕ್ಕಿತು, ಆಟಿಕೆ ಹೆಲಿಕಾಪ್ಟರು, ಡ್ರೋನು ಹಾರಿಸುವವರು ಬಳಸುವಂಥದ್ದು. ಚಿಂತಾಮಣಿಯ ಮೊಬೈಲ್ ಅಂಗಡಿಯಿಂದ ಹೆಬ್ಬೆರಳಿನಿಂದ ಆಡಿಸುವ ಎರಡು ಕಡ್ಡಿಗಳಿರುವ ಒಂದು ಗೇಮ್ ರಿಮೋಟು ತಂದು ಜೋಡಿಸಿದೆ. ಶುರುವಿನಲ್ಲಿ ಅದು ನಾಲ್ಕೈದು ಪರದೆ ತೋರಿಸಿತು. ಒಂದರಲ್ಲಿ ರಿಮೋಟಿನ ಚಿತ್ರಗಳಿದ್ದವು. ಮುಂದೆ, ಮುಂದೆ ಎಂದು ಒತ್ತಿಕೊಂಡು ಹೋದೆ. ಸಾಫ್ಟ್‌ವೇರ್ ಹಾಕುವಾಗ ಎಲ್ಲರೂ ಮಾಡುವುದು ಅದನ್ನೇ.

ಆಮೇಲಿನ ಎರಡೂವರೆ ತಿಂಗಳು ನನ್ನ ನೆನಪಿನಲ್ಲಿ ಒಂದೇ ಬೆಳಗಿನ ಹಾಗೆ ಇದೆ. ಒಂದು ಮೂಲೆಯಲ್ಲಿ ಸಾಬ್ರು, ಹೆಡ್‌ಫೋನು, ಬಾಣದ ಕೀಲಿ. ಇನ್ನೊಂದು ಮೂಲೆಯಲ್ಲಿ ಅಮರಾವತಿ. ಬೆಳಗಿನ ಔಷಧಿ ಕೆಲಸ ಮುಗಿಸಿ, ಕೈಕಾಲು ತೊಳೆದು ಬರುತ್ತಿದ್ದಳು, ಆದರೂ ಅವಳ ಜೊತೆ ಆ ವಾಸನೆ ಕೋಣೆಗೆ ಬರುತ್ತಿತ್ತು. ಮೊದಲ ವಾರ ಡ್ರೋನು ಏಳುತ್ತಿತ್ತು, ಬೀಳುತ್ತಿತ್ತು. ಆಮೇಲೆ ಮರಕ್ಕೆ ಬಡಿಯುತ್ತಿತ್ತು. ಕರೆಂಟು ಹೋದರೆ ಕತ್ತಲೆ ಪರದೆಯ ಮುಂದೆ ಕೂತು ಬರಿಯ ರಿಮೋಟಿನ ಕಡ್ಡಿಗಳನ್ನು ಆಡಿಸುತ್ತಿದ್ದಳು, "ಮ್ಯಾಲೆ, ನಿಲ್ಲು, ಮುಂದಕ್ಕೆ, ನಿಲ್ಲು" ಎಂದುಕೊಂಡು. ಆಷಾಢ ಕಳೆಯುವ ಹೊತ್ತಿಗೆ ಡ್ರೋನು ಪರದೆಯ ನಡುವೆ ಗೂಟ ಹೊಡೆದ ಹಾಗೆ ನಿಲ್ಲತೊಡಗಿತು. ಗಾಳಿ ಜಾಸ್ತಿ ಮಾಡಿದೆ. ಆಗಲೂ ನಿಂತಿತು.

ಬಾಬಾಜಾನ್ ಸಾಬ್ರು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ ಅವಳ ರಿಮೋಟಿನ ಸದ್ದು ಕೇಳುತ್ತಿದ್ದರು.

"ಈಗ ನೋಡ್ಬೇಡ ಕೈನ" ಎಂದರು ಒಂದು ದಿನ. "ಕೈ ಕಲ್ತ್‌ಬಿಟ್ಟೈತೆ. ನಾನು ಹಳೇ ಚರಕ ಬಿಟ್ಟು ಹೊಸಾ ಮಿಷನ್ನಿಗೆ ಬಂದಾಗ ಮೂರ್ ತಿಂಗ್ಳು ನನ್ನ ಕೈ ಹಳೇ ಜಾಗಕ್ಕೇ ಹೋಗ್ತಿತ್ತು ಬೇಟಿ. ತಲೆ ಬಡ್ಕೊಂಡ್ರೂ ಕೈ ಕೇಳಲ್ಲ. ಒಂದ್ಸಲ ಕಲ್ತ್ರೆ ಕಲ್ತಂಗೇ."

ನಾವು ಮೂವರೂ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿದೆವು.

ಪರೀಕ್ಷೆಯ ದಿನದ ಬಗ್ಗೆ ನಾನು ಎಚ್ಚರದಿಂದ ಬರೆಯಬೇಕು. ನಾನು ಅವಳ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು, ಮಡಿಲಲ್ಲಿ ಬೆರಳು ಆಡುತ್ತಿದ್ದವು. ಮೈದಾನದ ಆಚೆ ಬೆಟ್ಟಗಳಿಗೆ ಮೋಡ ಮೆತ್ತಿಕೊಂಡಿತ್ತು. ಹಗ್ಗದ ಈಚೆ ನಾನು, ಆಚೆ ಅವಳು. ಇದೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ವರ್ಗವಾಗಿ ಬರುವ ಮುಂಚೆ ಹಾಜರಿ ಪುಸ್ತಕ ಒಪ್ಪಿಸುವಾಗ ನೋಡಿದೆ. ಆ ದಿನ ನಾನು ಲೈಬ್ರರಿಯಲ್ಲಿದ್ದೆ ಎಂದು ನನ್ನದೇ ಸಹಿ ಇದೆ. ಒಂದೋ ಸಹಿ ಸುಳ್ಳು, ಇಲ್ಲವೇ ಅವಳು ಆಮೇಲೆ ಹೇಳಿದ್ದನ್ನೇ ನಾನು ಕಂಡದ್ದೆಂದು ಕಟ್ಟಿಕೊಂಡಿದ್ದೇನೆ. ಎರಡೂ ನನ್ನಿಂದ ಆಗುವಂಥ ಕೆಲಸಗಳೇ.

ಏನಾಯಿತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಪರೀಕ್ಷೆ ಮಾಡುವವರು ಅವಳ ಕೈಗೆ ರಿಮೋಟು ಕೊಟ್ಟು, "ಯಾವ ಮೋಡ್‌ನಲ್ಲಿ ಕಲ್ತಿದೀರಮ್ಮ?" ಎಂದು ಕೇಳಿದರು.

"ಕಂಪ್ಯೂಟರ್‌ನಲ್ಲಿ ಸಾರ್."

ಸುತ್ತ ನಿಂತಿದ್ದವರು ನಕ್ಕರು. ಪರೀಕ್ಷೆ ಮಾಡುವವರೂ ನಕ್ಕು, "ಸರಿ, ಏರ್ಸಿ" ಎಂದರು. ಅವಳು ಏರಿಸಲೆಂದು ಬಲ ಹೆಬ್ಬೆರಳನ್ನು ಮೇಲೆ ತಳ್ಳಿದಳು. ಏನೂ ಆಗಲಿಲ್ಲ. ಎಡಗೈಯದನ್ನು ತಳ್ಳಬೇಕೆಂದು ಅವರು ತೋರಿಸಿದರು. ಡ್ರೋನು ಏರಿತು. ತಲೆ ಎತ್ತರಕ್ಕೆ ಬಂದಾಗ ಅದು ಸ್ವಲ್ಪ ಕುಸಿಯಿತು. ಎತ್ತಿಕೊಳ್ಳಲು ಕೈ ತಾನು ಕಲಿತದ್ದನ್ನು ಮಾಡಿತು, ಬಲಗಡೆಯ ಕಡ್ಡಿಯನ್ನು ಪೂರ್ತಿ ತಳ್ಳಿತು. ಡ್ರೋನು ಮುಂದಕ್ಕೆ ನುಗ್ಗಿ ಹಗ್ಗಕ್ಕೆ ಸಿಕ್ಕಿ ಬಿತ್ತು. ಇನ್ನೊಂದು ಅವಕಾಶ ಕೊಟ್ಟರು. ಎರಡನೆಯ ಸಲ ಅವಳು ಯೋಚನೆ ಮಾಡಿ ಒತ್ತಿದಳು. ಯೋಚನೆ ಮಾಡುವಷ್ಟು ಹೊತ್ತು ಡ್ರೋನು ಗಾಳಿಯಲ್ಲಿ ಕಾಯುವುದಿಲ್ಲ.

ಮಾರನೆಯ ದಿನ ಅವಳು ಲೈಬ್ರರಿಗೆ ಬಂದು ಬಾಗಿಲಲ್ಲೇ ನಿಂತಳು.

"ನನ್ನ ಕೈ ಮೊದ್ಲಿಂದ್ಲೂ ಹಿಂಗೇ ಅಕ್ಕ. ನಮ್ಮತ್ತೆ ಹೇಳ್ತಿರ್ತಾರೆ, ನಿನ್ ಕೈಗೆ ಕೊಟ್ಟಿದ್ದು ನೆಲಕ್ಕೆ ಕೊಟ್ಹಂಗೆ ಅಂತ. ಅದೇನೋ ಮೋಡ್ ಅಂತ ಕೇಳಿದ್ರು, ಅದೂ ತಿಳೀಲಿಲ್ಲ ನಂಗೆ. ನೀವು ಇಷ್ಟು ದಿನ ಕೂರ್ಸ್ಕೊಂಡು ಕಲ್ಸಿದ್ರಿ. ಮುಖ ತೋರ್ಸಕ್ಕೆ ನಾಚ್ಕೆ ಆಗ್ತದೆ."

ಅವಳು ಹೋದ ಮೇಲೆ ಲಿನಕ್ಸ್ ಕಂಪ್ಯೂಟರನ್ನು ಹಚ್ಚಿ ಆ ಪರದೆಗಳನ್ನು ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡಿದೆ. ರಿಮೋಟಿನ ಎರಡು ಕಡ್ಡಿಗಳಲ್ಲಿ ಯಾವುದು ಏನು ಮಾಡಬೇಕು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಪದ್ಧತಿಗಳಿವೆ, ಮೋಡ್ ಎನ್ನುವುದು ಅದಕ್ಕೇ. ಒಂದರಲ್ಲಿ ಬಲಗೈ ಏರಿಸುತ್ತದೆ, ಎಡಗೈ ಮುಂದೆ ಒಯ್ಯುತ್ತದೆ. ಎರಡನೆಯದರಲ್ಲಿ ತಿರುವುಮುರುವು. ಇಲ್ಲಿ ಎಲ್ಲರೂ ಓಡಿಸುವುದು ಎರಡನೆಯದರಲ್ಲಿ. ಚೀಟಿಯಲ್ಲಿದ್ದ ಸಾಫ್ಟ್‌ವೇರೂ ಅದರಲ್ಲೇ ಇತ್ತು. ನಾನು ಮುಂದೆ, ಮುಂದೆ ಎಂದು ಒತ್ತಿದ್ದ ಪರದೆಯಲ್ಲಿ ಮೊದಲನೆಯದಕ್ಕೆ ಗುರುತು ಬಿದ್ದಿತ್ತು. ಎರಡೂವರೆ ತಿಂಗಳು, ದಿನಕ್ಕೆ ಎರಡು ಗಂಟೆ, ಅವಳ ಕೈಗಳಿಗೆ ನಾನು ತಪ್ಪನ್ನು ಅಷ್ಟು ಚೆನ್ನಾಗಿ ಕಲಿಸಿದ್ದೆ. ಕಡಿಮೆ ಅಭ್ಯಾಸ ಮಾಡಿದ್ದರೆ ಅವಳು ಗೆಲ್ಲುತ್ತಿದ್ದಳೋ ಏನೋ.

ಬಾಬಾಜಾನ್ ಸಾಬ್ರು ಮೂಲೆಯಿಂದ, "ಏನಾಯ್ತಮ್ಮ? ಕುರ್ಚಿ ಸದ್ದು ಬರ್ತಾ ಇಲ್ಲ, ಉಸ್ರು ಬರ್ತಾ ಐತೆ" ಎಂದರು. ಅವರೊಬ್ಬರಿಗೆ ಹೇಳಿದೆ. ಅವರು ಬಾಣದ ಕೀಲಿಯ ಮೇಲಿಂದ ಬೆರಳು ತೆಗೆದರು.

"ಈ ಕಂಪ್ಯೂಟರ್ ಅವಳ್ದಾಗಬೇಕಿತ್ತು, ಅಲ್ವಾ?"

"ಹಂಗಲ್ಲ ಸಾಬ್ರೆ..."

"ಹಂಗೇ. ನಂಗೆ ಯಾಕ್ ಹೇಳ್ಲಿಲ್ಲ ನೀನು? ನಾನು ನೆಗಡಿಯೋನ್ ಹತ್ರ ಓದ್ಸ್ಕೊಂತಿದ್ದೆ." ಹೆಡ್‌ಫೋನ್ ತೆಗೆದು ತಂತಿಯನ್ನು ನೀಟಾಗಿ ಸುತ್ತಿ ಇಟ್ಟರು. "ಅವಳ್ಗೆ ಹೇಳ್ಬಿಡು. ಪರೀಕ್ಷೆ ವಾಪಸ್ ಬರಲ್ಲ, ಗೊತ್ತು. ಅವಳ ಕೈ ಅವಳ್ಗೆ ವಾಪಸ್ ಸಿಗುತ್ತೆ."

"ಹೇಳ್ತೀನಿ" ಎಂದೆ.

ಹೇಳಲಿಲ್ಲ. ಅವತ್ತು ಅವಳು ಕೆಲಸದಲ್ಲಿದ್ದಳು. ಮಾರನೆಯ ದಿನ ಅವಳ ಗಂಡನಿಗೆ ಉಬ್ಬಸ ಎಂದರು. ಅದರಾಚೆಗಿನ ದಿನಗಳಿಗೆ ನನ್ನ ಬಳಿ ಕಾರಣಗಳೂ ಇಲ್ಲ. ಚಿಕ್ಕಬಳ್ಳಾಪುರಕ್ಕೆ ಫೋನ್ ಮಾಡಿ, ತಪ್ಪು ನನ್ನದು, ಅವಳಿಗೆ ಇನ್ನೊಂದು ಪರೀಕ್ಷೆ ಕೊಡಿ ಎಂದು ಕೇಳಬಹುದಿತ್ತು. ನಂಬರ್ ಚೀಟಿಯ ಹಿಂಬದಿಯಲ್ಲೇ ಇತ್ತು. ಪಟ್ಟಿಯ ಮುಂದಿನ ಹೆಸರಿನವಳನ್ನು ಕರೆಯಲು ವಾರ ಹಿಡಿಯಿತು. ಆ ವಾರವೂ ನಾನು ದಿನಾ ಬಾಗಿಲು ತೆಗೆದೆ, ಹಾಕಿದೆ.

ಸಾಬ್ರು ಬರುವುದನ್ನು ಬಿಟ್ಟರು. ಮಗಳ ಮನೆಗೆ ಹೋಗಿ ಕರೆದೆ. "ಬರ್ತೀನಮ್ಮ, ಮಂಡಿ ನೋವು" ಎಂದರು. ಬರಲಿಲ್ಲ. ವಿಂಡೋಸ್ ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ. ದಸರೆಯ ಹೊತ್ತಿಗೆ ಮಕ್ಕಳು ಅದರಲ್ಲಿ ಹಾಡು ಕೇಳತೊಡಗಿದ್ದರು. ಅಮರಾವತಿ ಟೊಮ್ಯಾಟೊ ತೋಟಗಳಲ್ಲಿ ಪಂಪು ಹೊತ್ತು ನಡೆಯುವುದು ಲೈಬ್ರರಿಯ ಕಿಟಕಿಯಿಂದ ಕಾಣುತ್ತಿತ್ತು. ನಾನು ಮೇಜನ್ನು ಇನ್ನೊಂದು ಗೋಡೆಯ ಕಡೆಗೆ ತಿರುಗಿಸಿಕೊಂಡೆ. ಮರುವರ್ಷ ವರ್ಗ ಕೇಳಿ ಪಡೆದೆ.

ಮೊನ್ನೆ ಕೆಲಸದ ಮೇಲೆ ಚಿಂತಾಮಣಿಗೆ ಹೋಗಿದ್ದಾಗ ಮಾರ್ಕೆಟ್ಟಿನ ಹೊರಗೆ ಯಾರೋ "ಅಕ್ಕಾ" ಎಂದು ಕೂಗಿದರು. ಅಮರಾವತಿ. ತುಂಬಾ ಇಳಿದುಹೋಗಿದ್ದಳು. ಜೊತೆಗೆ ಕಾಲೇಜು ಬ್ಯಾಗಿನ ಒಬ್ಬ ಹುಡುಗಿ, ತಂಗಿಯ ಮಗಳಂತೆ.

"ಇವ್ರೇ ಕಣೇ ಲೈಬ್ರರಿ ಅಕ್ಕ. ನಂಗೆ ಡ್ರೋನ್ ಕಲ್ಸಿದ್ದು ಇವ್ರೇ" ಎಂದಳು ಹುಡುಗಿಗೆ. ಕೆಮ್ಮು ಬಂತು. ಒಂದು ಕೈಯಿಂದ ನನ್ನ ತೋಳು ಹಿಡಿದುಕೊಂಡು ಕೆಮ್ಮು ಮುಗಿಯುವವರೆಗೆ ನಿಂತಳು. "ಬಹಳ ಚೆನ್ನಾಗಿ ಕಲ್ಸಿದ್ರು. ನನ್ನ ಕೈಯೇ ಸರಿ ಇರ್ಲಿಲ್ಲ."

ಹಾಗೆನ್ನುವಾಗ ನನ್ನ ಮುಖ ನೋಡಿದಳು. ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು ಎಂದು ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು. ಅಲ್ಲಿ ನಿಂತಿದ್ದಾಗ ಅನ್ನಿಸಿರಲಿಲ್ಲ.

ಬಾಬಾಜಾನ್ ಸಾಬ್ರು ಹೇಗಿದ್ದಾರೆ ಎಂದು ಕೇಳಿದೆ.

"ಶಿಡ್ಲಘಟ್ಟಕ್ಕೆ ಹೊಂಟೋದ್ರು ಅಕ್ಕ, ಮಗನ ಮನೆಗೆ. ಹೋಗೋ ಮುಂಚೆ ನಮ್ಮನೇಗೆ ಬಂದಿದ್ರು, ಮೊಮ್ಮಗನ ಕೈ ಹಿಡ್ಕೊಂಡು."

"ಏನಂದ್ರು?"

"ಏನೋ, ಬಹಳ ಹೊತ್ತು ಕೂತಿದ್ರು. ಮಾತಾಡಿದ್ರು." ಹುಡುಗಿ ಬಸ್ಸು ಬಂತೆಂದು ಅವಳ ಸೆರಗು ಎಳೆದಳು. "ಬರ್ತೀನಕ್ಕ. ಊರ್ ಕಡೆ ಬನ್ನಿ."

ಅವತ್ತು ಸಾಬ್ರು ಅವಳಿಗೆ ಹೇಳಿದರೋ, ನಾನು ಹೇಳಿರುತ್ತೇನೆ ಎಂದು ನಂಬಿ ಬೇರೇನೋ ಮಾತಾಡಿ ಎದ್ದರೋ ನನಗೆ ಗೊತ್ತಿಲ್ಲ. ಹೇಳದೇ ಇದ್ದರೆ ಅವಳು ಇವತ್ತಿಗೂ ತನ್ನ ಕೈಗಳನ್ನೇ ಬಯ್ದುಕೊಂಡು ಔಷಧಿಯೊಳಗೆ ನಡೆಯುತ್ತಿದ್ದಾಳೆ. ಹೇಳಿದ್ದರೆ, ಮಾರ್ಕೆಟ್ಟಿನ ಮುಂದೆ ಆ ಹುಡುಗಿಯ ಎದುರು ಅವಳು ಆಡಿದ ಮಾತು ಕ್ಷಮೆಯೋ, ಶಿಕ್ಷೆಯೋ, ಅದೂ ಗೊತ್ತಿಲ್ಲ. ಕೇಳಿದರೆ ಗೊತ್ತಾಗುತ್ತದೆ. ನಾನು ಕೇಳುತ್ತೇನೆಯೇ ಎಂಬುದು ಗೊತ್ತಿಲ್ಲ.